ಕಲ್ಲುಬೆಂಚಿನ ಶಾಲೆ

ಮಕ್ಕಳೇ,

ಸಂಜೆ ಶಾಲೆಯ ಗಂಟೆ ಬಾರಿಸಿದ ಕೂಡಲೇ ನೀವು ಏನು ಮಾಡುತ್ತೀರಿ? ಚೀಲವನ್ನು ಹೆಗಲಿಗೆ ಏರಿಸಿ ಮನೆಯ ಕಡೆಗೆ ಓಡುತ್ತೀರಿ. ಮರುದಿನ ಬೆಳಿಗ್ಗೆ ಮತ್ತೆ ಗಂಟೆ ಬಾರಿಸುತ್ತದೆ. ನೀವೂ ಬರುತ್ತೀರಿ, ನಿಮ್ಮ ಮೇಷ್ಟ್ರೂ ಬರುತ್ತಾರೆ. ಆದರೆ ಪ್ರತಿಯೊಬ್ಬ ಮೇಷ್ಟ್ರ ಬಾಳಿನಲ್ಲೂ ಒಂದು ಕೊನೆಯ ಗಂಟೆ ಇರುತ್ತದೆ. ಅದು ಬಾರಿಸಿದ ಮೇಲೆ ಮರುದಿನ ಅವರು ಪಾಠ ಹೇಳಲು ಬರುವುದಿಲ್ಲ. ಅದನ್ನು ನಿವೃತ್ತಿ ಎನ್ನುತ್ತಾರೆ. ನಿವೃತ್ತರಾದ ಮೇಷ್ಟ್ರು ಆಮೇಲೆ ಏನು ಮಾಡುತ್ತಾರೆ ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ನಾನೂ ಯೋಚಿಸಿರಲಿಲ್ಲ. ನನ್ನ ಗಂಟೆ ಬಾರಿಸಿದ ಮೇಲೆಯೇ ಅದು ನನಗೆ ತಿಳಿದದ್ದು. ಆ ಕಥೆಯನ್ನು ಈಗ ನಿಮಗೆ ಹೇಳುತ್ತೇನೆ.

ನಾನು ಹುಟ್ಟಿದ್ದು ಹೊಸೂರಿನ ಹತ್ತಿರದ ಸಾನಮಾವು ಕಡೆಯ ಒಂದು ಹಳ್ಳಿಯಲ್ಲಿ. ನಮ್ಮ ಮನೆಯಲ್ಲಿ ಕನ್ನಡ ಮಾತು. ಪಕ್ಕದ ಮನೆಯಲ್ಲಿ ತೆಲುಗು. ಅಂಗಡಿಯಲ್ಲಿ ತಮಿಳು. ಮೂರೂ ಭಾಷೆಗಳು ನಮಗೆ ಆಡುತ್ತಾ ಆಡುತ್ತಾ ಬಂದವು. ನಾನು ಹುಟ್ಟಿದಾಗ ನಮ್ಮ ಊರು ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ ಸೇರಿತು. 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಊರು ಮಾತ್ರ ಇದ್ದಲ್ಲೇ ಇದೆ. ಒಂದು ಕಡೆ ಕಾಡು, ಇನ್ನೊಂದು ಕಡೆ ರಾಗಿ ಹೊಲ. ರಾಜಾಜಿಯವರು ಹುಟ್ಟಿದ ತೊರಪಳ್ಳಿಯೂ ನಮಗೆ ದೂರವಲ್ಲ.

ಓದು ನನ್ನನ್ನು ಹೊಸೂರಿಗೆ, ಅಲ್ಲಿಂದ ಬೆಂಗಳೂರಿಗೆ, ಅಲ್ಲಿಂದ ಮೈಸೂರಿಗೆ ಕರೆದುಕೊಂಡು ಹೋಯಿತು. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಆರಂಭವಾಯಿತು. ಅದರ ದೊಡ್ಡ ಆವರಣಕ್ಕೆ ‘ಮಾನಸಗಂಗೋತ್ರಿ’ ಎಂಬ ಚೆಂದದ ಹೆಸರು ಇಟ್ಟವರು ಕವಿ ಕುವೆಂಪು. ಅಲ್ಲಿ ನಾನು 33 ವರ್ಷ ಇತಿಹಾಸ ಕಲಿಸಿದೆ. ವಿಶ್ವವಿದ್ಯಾನಿಲಯಕ್ಕೆ ನೂರು ವರ್ಷ ತುಂಬಿದ 2016ರಲ್ಲಿಯೇ ನನಗೆ ನಿವೃತ್ತಿಯಾಯಿತು.

ಕೊನೆಯ ದಿನ ಹಾರ ಹಾಕಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಎಲ್ಲರೂ ಒಳ್ಳೆಯ ಮಾತು ಆಡಿದರು. ನನಗೂ ಸಂತೋಷವಾಯಿತು. ಇನ್ನು ಮೇಲೆ ಬೇಕಾದಷ್ಟು ಹೊತ್ತು ಮಲಗಬಹುದು ಎಂದುಕೊಂಡೆ.

ಸೋಮವಾರ ಬಂತು. ಬೆಳಿಗ್ಗೆ ಎದ್ದೆ. ಸ್ನಾನ ಮಾಡಿದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ. ಕೈಚೀಲ ಹಿಡಿದು ಬಾಗಿಲಿಗೆ ಬಂದು ಚಪ್ಪಲಿ ಮೆಟ್ಟಿದೆ. ಆಗ ನನ್ನ ಹೆಂಡತಿ ಒಳಗಿನಿಂದ ಕೇಳಿದಳು: “ಎಲ್ಲಿಗೆ ಹೊರಟಿರಿ?”

ನನಗೆ ಉತ್ತರ ಹೊಳೆಯಲಿಲ್ಲ. 33 ವರ್ಷ ಸಾವಿರಾರು ಪ್ರಶ್ನೆಗಳಿಗೆ ಉತ್ತರ ಹೇಳಿದವನಿಗೆ ಆ ಒಂದು ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಚಪ್ಪಲಿ ಬಿಚ್ಚಿ ಒಳಗೆ ಬಂದು ಕುಳಿತೆ. ಆ ದಿನ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಒಂದು ತಿಂಗಳು ಹಾಗೆಯೇ ಹೋಯಿತು. ಮಾತು ಕಡಿಮೆಯಾಯಿತು. ಓದುವುದೂ ಬೇಡವೆನಿಸಿತು. ಕೇಳುವವರೇ ಇಲ್ಲದ ಮೇಲೆ ತಿಳಿದುಕೊಂಡು ಏನು ಮಾಡುವುದು ಎಂದು ನನ್ನಷ್ಟಕ್ಕೆ ನಾನು ಹೇಳಿಕೊಳ್ಳುತ್ತಿದ್ದೆ.

ಕೊನೆಗೆ ಹೆಂಡತಿಯೇ ಒಂದು ದಿನ, “ಕೆರೆಯ ಕಡೆಗಾದರೂ ಹೋಗಿಬನ್ನಿ” ಎಂದು ಕಳುಹಿಸಿದಳು.

ಮಾನಸಗಂಗೋತ್ರಿಯ ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ ಇದೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅದನ್ನು ಕಟ್ಟಿಸಿದರು. ಕುವೆಂಪು ಅವರು ಆ ಕೆರೆಯ ದಂಡೆಯ ಮೇಲೆ ನಡೆದಾಡುತ್ತಿದ್ದರು. ಕೆರೆಯ ನಡುವಿನ ಮರಗಳ ಮೇಲೆ ಹೆಜ್ಜಾರ್ಲೆಗಳು ಕೂಡುತ್ತವೆ. ನೀರುಕಾಗೆಗಳು ರೆಕ್ಕೆ ಅಗಲಿಸಿ ಬಿಸಿಲು ಕಾಯಿಸುತ್ತವೆ. ದಂಡೆಯ ಮೇಲೆ ಅಲ್ಲಲ್ಲಿ ಕಲ್ಲುಬೆಂಚುಗಳಿವೆ.

ಅಂಥ ಒಂದು ಬೆಂಚಿನ ಮೇಲೆ ನಾಲ್ವರು ಕುಳಿತಿದ್ದರು. ನಾಲ್ವರೂ ನನ್ನಂತೆಯೇ ನಿವೃತ್ತರಾದ ಪ್ರಾಧ್ಯಾಪಕರು. ಒಬ್ಬರು ಗಣಿತದ ಮೇಡಂ. ಒಬ್ಬರು ರಸಾಯನಶಾಸ್ತ್ರದವರು. ಒಬ್ಬರು ಕನ್ನಡ ಮೇಷ್ಟ್ರು. ಇನ್ನೊಬ್ಬರು ಪ್ರಾಣಿಶಾಸ್ತ್ರದವರು. ಇವರನ್ನು ನಾವು ‘ಆನೆ ಮೇಷ್ಟ್ರು’ ಎಂದು ಕರೆಯುತ್ತಿದ್ದೆವು. ಕಾಡಾನೆಗಳ ಬಗ್ಗೆ ಅವರಿಗೆ ಅಷ್ಟು ಪ್ರೀತಿ. ನನ್ನನ್ನು ನೋಡಿ ಎಲ್ಲರೂ ಸ್ವಲ್ಪ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

ಆಮೇಲೆ ಪ್ರತಿ ಭಾನುವಾರ ನಾವು ಐವರೂ ಅಲ್ಲಿ ಸೇರತೊಡಗಿದೆವು. ಏನು ಮಾತಾಡುತ್ತಿದ್ದೆವು ಗೊತ್ತೇ? ಒಬ್ಬರಿಗೆ ಮಂಡಿನೋವು. ಒಬ್ಬರಿಗೆ ಸಕ್ಕರೆ ಕಾಯಿಲೆ. ಪಿಂಚಣಿ ಬಂತೇ, ಔಷಧಿ ತಂದಿರಾ, ಇಷ್ಟೇ ಮಾತು. ಮೂರು ವಾರ ಕಳೆಯಿತು. ಒಂದು ದಿನ ಗಣಿತದ ಮೇಡಂ ಎದ್ದು ನಿಂತರು.

“ಸಾಕು ಮಾಡಿ ಈ ಮಂಡಿಪುರಾಣ! ಐದು ಜನ ಮೇಷ್ಟ್ರುಗಳು ಇದ್ದೇವೆ. ಮುಂದಿನ ವಾರದಿಂದ ಒಬ್ಬೊಬ್ಬರು ಒಂದು ಪಾಠ ಮಾಡಬೇಕು. ಆದರೆ ಒಂದು ನಿಯಮ. ನಿಮ್ಮ ನಿಮ್ಮ ವಿಷಯ ಪಾಠ ಮಾಡುವಂತಿಲ್ಲ. ಗೊತ್ತಿಲ್ಲದ್ದನ್ನು ಓದಿಕೊಂಡು ಬಂದು ಹೇಳಬೇಕು” ಎಂದರು.

ನಮಗೆಲ್ಲ ನಗು ಬಂತು. ಹೆದರಿಕೆಯೂ ಆಯಿತು. ಆದರೆ ಆ ನಿಯಮ ಬಹಳ ಒಳ್ಳೆಯದಾಗಿತ್ತು. ರಸಾಯನಶಾಸ್ತ್ರದವರು ಕೆರೆಯ ಹಕ್ಕಿಗಳ ಹೆಸರು ಕಲಿತರು. ಮೇಡಂ ಹಳೆಗನ್ನಡ ಓದತೊಡಗಿದರು. ಕನ್ನಡ ಮೇಷ್ಟ್ರು ಮಳೆನೀರು ಹಿಡಿದಿಡುವುದು ಹೇಗೆ ಎಂದು ಲೆಕ್ಕ ಹಾಕಿ ತೋರಿಸಿದರು. ಹೀಗೆ ನಮ್ಮ ಕಲ್ಲುಬೆಂಚು ಒಂದು ಶಾಲೆಯಾಯಿತು. ಅಲ್ಲಿ ಹಾಜರಿ ಇಲ್ಲ, ಪರೀಕ್ಷೆ ಇಲ್ಲ, ಬೆತ್ತವೂ ಇಲ್ಲ.

ನನ್ನ ಒಂದು ಪಾಠದ ಕಥೆ ಕೇಳಿ. 2019ರ ಡಿಸೆಂಬರ್ 26ರಂದು ಸೂರ್ಯಗ್ರಹಣವಿತ್ತು. ಕಾಸರಗೋಡಿನ ಕಡೆ, ಕೊಡಗಿನ ಕೆಲವು ಕಡೆ ಮತ್ತು ನಮ್ಮ ತಮಿಳುನಾಡಿನ ಕೊಯಮತ್ತೂರು, ದಿಂಡಿಗಲ್ ಕಡೆ ಸೂರ್ಯ ಬಳೆಯಂತೆ ಕಾಣುವ ಗ್ರಹಣ ಅದು. ಅದಕ್ಕೆ ನಾಲ್ಕು ದಿನ ಮೊದಲು ಭಾನುವಾರ ನನ್ನ ಸರದಿ. ನಾನು ಕಿತ್ತಳೆಹಣ್ಣು, ನಿಂಬೆಹಣ್ಣು, ಒಂದು ಬಟಾಣಿ ಕಾಳು ತಂದಿದ್ದೆ. ಕಿತ್ತಳೆ ಸೂರ್ಯ, ನಿಂಬೆ ಭೂಮಿ, ಬಟಾಣಿ ಚಂದ್ರ. ಮೂರನ್ನೂ ಸಾಲಾಗಿ ಇಟ್ಟು, “ನೋಡಿ, ಹೀಗೆ ಬಂದಾಗ ಸೂರ್ಯಗ್ರಹಣ” ಎಂದು ಗಟ್ಟಿಯಾಗಿ ಹೇಳಿದೆ.

ದಂಡೆಯ ಮೇಲೆ ಅಜ್ಜಿಯ ಜೊತೆ ಹೋಗುತ್ತಿದ್ದ ಒಬ್ಬ ಹುಡುಗ ನಿಂತು ನೋಡಿದ. “ತಾತಾ, ನೀವು ಭೂಮಿಯನ್ನು ಮಧ್ಯೆ ಇಟ್ಟಿದ್ದೀರಿ. ಅದು ಚಂದ್ರಗ್ರಹಣ. ಸೂರ್ಯಗ್ರಹಣಕ್ಕೆ ಚಂದ್ರ ಮಧ್ಯೆ ಬರಬೇಕು” ಎಂದ. ನಾನು ನಾಚಿಕೊಂಡು ಬಟಾಣಿಯನ್ನು ಮಧ್ಯಕ್ಕೆ ಸರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಿತ್ತಳೆಹಣ್ಣನ್ನು ಆ ಹುಡುಗನಿಗೆ ಕೊಟ್ಟೆವು. ಬಹಳ ದಿನಗಳ ಮೇಲೆ ನಾನು ಮತ್ತೆ ವಿದ್ಯಾರ್ಥಿಯಾಗಿದ್ದೆ. ಅದು ನನಗೆ ತುಂಬ ಹಿತವಾಯಿತು.

ನಮ್ಮ ಕನ್ನಡ ಮೇಷ್ಟ್ರು ಆಗಾಗ ದೊಡ್ಡವರ ಕಥೆ ಹೇಳುತ್ತಿದ್ದರು. ಅವುಗಳಲ್ಲಿ ಕೆಲವನ್ನು ನೀವೂ ಕೇಳಬೇಕು.

ಎಚ್. ನರಸಿಂಹಯ್ಯ ಎಂಬ ಭೌತಶಾಸ್ತ್ರದ ಮೇಷ್ಟ್ರಿದ್ದರು. ಅವರ ಊರಿನ ಹೆಸರೂ ಹೊಸೂರು. ಆದರೆ ನಮ್ಮ ಹೊಸೂರಲ್ಲ, ಗೌರಿಬಿದನೂರಿನ ಹತ್ತಿರದ್ದು. ಬಸ್ಸಿಗೆ ದುಡ್ಡಿಲ್ಲದೆ ಓದುವುದಕ್ಕಾಗಿ ಬೆಂಗಳೂರಿಗೆ ನಡೆದೇ ಬಂದ ಹುಡುಗ ಅವರು. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. 1962ರಲ್ಲಿ ಅವರು ‘ಬೆಂಗಳೂರು ವಿಜ್ಞಾನ ವೇದಿಕೆ’ಯನ್ನು ಆರಂಭಿಸಿದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಾರಕ್ಕೊಂದು ವಿಜ್ಞಾನದ ಮಾತು. ಯಾರು ಬೇಕಾದರೂ ಬಂದು ಕೇಳಬಹುದು. ಹುದ್ದೆ ಮುಗಿದ ಮೇಲೂ ಅವರು ಆ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ ಸರಳವಾಗಿ ಬಾಳಿದರು. 2005ರಲ್ಲಿ ತೀರಿಕೊಂಡರು.

ಮೈಸೂರಿನಲ್ಲಿ ಜೆ.ಆರ್. ಲಕ್ಷ್ಮಣರಾವ್ ಎಂಬ ರಸಾಯನಶಾಸ್ತ್ರದ ಮೇಷ್ಟ್ರಿದ್ದರು. ಅವರು ‘ಬಾಲ ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ನಿಮ್ಮಂಥ ಮಕ್ಕಳಿಗಾಗಿ ಸಂಪಾದಿಸಿದರು. ಕಷ್ಟವಾದ ವಿಜ್ಞಾನವನ್ನು ತಿಳಿಯಾದ ಕನ್ನಡದಲ್ಲಿ ಬರೆಯುವುದೇ ಅವರ ಮುಪ್ಪಿನ ಕೆಲಸವೂ ಆಗಿತ್ತು.

ಬಿ.ಜಿ.ಎಲ್. ಸ್ವಾಮಿ ಎಂಬುವರು ಚೆನ್ನೈನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದರು. ತಮಿಳುನಾಡಿನಲ್ಲಿ ಇದ್ದುಕೊಂಡೇ ಕನ್ನಡದಲ್ಲಿ ಬರೆದರು. ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗಿ ಗಿಡಮರ ತೋರಿಸಿದ ಅನುಭವವನ್ನು ‘ಹಸುರು ಹೊನ್ನು’ ಎಂಬ ಪುಸ್ತಕದಲ್ಲಿ ನಗುನಗುತ್ತಾ ಹೇಳಿದ್ದಾರೆ. ಅದಕ್ಕೆ 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಲ್ಲಿಯ ಕೆಲಸ ಮುಗಿದ ಮೇಲೆ ಅವರೂ ನಮ್ಮ ಮಾನಸಗಂಗೋತ್ರಿಗೆ ಬಂದರು.

ಇನ್ನು ಜಿ. ವೆಂಕಟಸುಬ್ಬಯ್ಯ. 1973ರಲ್ಲಿ ಕಾಲೇಜಿನಿಂದ ನಿವೃತ್ತರಾದರು. ಕನ್ನಡದ ದೊಡ್ಡ ನಿಘಂಟಿಗಾಗಿ ದುಡಿದರು. 1991ರಿಂದ ‘ಪ್ರಜಾವಾಣಿ’ ಪತ್ರಿಕೆಯಲ್ಲಿ ‘ಇಗೋ ಕನ್ನಡ’ ಎಂಬ ಅಂಕಣ ಬರೆದರು. ಓದುಗರು ಒಂದು ಪದದ ಅರ್ಥವನ್ನು ಕೇಳಿ ಕಾಗದ ಬರೆಯುವುದು, ಇವರು ಉತ್ತರ ಕೊಡುವುದು. ಅಂಕಣ ಆರಂಭಿಸಿದಾಗ ಅವರ ವಯಸ್ಸು 77 ದಾಟಿತ್ತು! ಅವರು 2021ರಲ್ಲಿ ತಮ್ಮ 107ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಬೇರೆ ದೇಶಗಳಲ್ಲಿಯೂ ಹೀಗೆ ಉಂಟು. ಫ್ರಾನ್ಸ್ ದೇಶದ ಟುಲೂಸ್ ಎಂಬ ನಗರದಲ್ಲಿ 1973ರಲ್ಲಿ ವಯಸ್ಸಾದವರಿಗೆಂದೇ ಒಂದು ವಿಶ್ವವಿದ್ಯಾನಿಲಯ ಆರಂಭವಾಯಿತು. ಆಮೇಲೆ ಇಂಗ್ಲೆಂಡಿನಲ್ಲಿಯೂ ಅಂಥ ಗುಂಪುಗಳು ಹುಟ್ಟಿದವು. ಅಲ್ಲಿ ನಿವೃತ್ತರಾದ ಪ್ರಾಧ್ಯಾಪಕರೂ ಇರುತ್ತಾರೆ, ಬಡಗಿಯೂ ಇರುತ್ತಾನೆ, ದಾದಿಯೂ ಇರುತ್ತಾಳೆ. ಒಬ್ಬರಿಗೆ ಗೊತ್ತಿರುವುದನ್ನು ಇನ್ನೊಬ್ಬರು ಕಲಿಯುತ್ತಾರೆ. ಇದನ್ನು ಕೇಳಿದಾಗ ಮೇಡಂ, “ಹಾಗಾದರೆ ನಮ್ಮದು ಐದು ಜನರ ವಿಶ್ವವಿದ್ಯಾನಿಲಯ” ಎಂದು ನಕ್ಕರು.

ಈಗ ನಾನು ನಿಮಗೆ ಒಂದು ತಪ್ಪನ್ನು ಹೇಳಬೇಕು. ಅದು ನನ್ನದೇ ತಪ್ಪು.

2020ರಲ್ಲಿ ಕೊರೋನಾ ಬಂತು. ಶಾಲೆಗಳೆಲ್ಲ ಮುಚ್ಚಿದವು. ನಮ್ಮ ಕಲ್ಲುಬೆಂಚೂ ಖಾಲಿಯಾಯಿತು. ನಾವು ಫೋನಿನಲ್ಲಿಯೇ ಮಾತಾಡಿಕೊಳ್ಳುತ್ತಿದ್ದೆವು. ಆದರೆ ಆನೆ ಮೇಷ್ಟ್ರು ಮಾತ್ರ ಫೋನು ಎತ್ತುತ್ತಿರಲಿಲ್ಲ. ಎತ್ತಿದರೂ ಎರಡು ಮಾತಾಡಿ ಇಟ್ಟುಬಿಡುತ್ತಿದ್ದರು. ಅವರಿಗೆ ಬೇಸರ ಇರಬಹುದು ಎಂದುಕೊಂಡು ನಾವೂ ಸುಮ್ಮನಾದೆವು.

ಎಷ್ಟೋ ತಿಂಗಳ ಮೇಲೆ ಮತ್ತೆ ಕೆರೆಯ ದಂಡೆಯಲ್ಲಿ ಸೇರಿದೆವು. ಎಲ್ಲರ ಮುಖಕ್ಕೂ ಮಾಸ್ಕು. ನಾನು ಆನೆ ಮೇಷ್ಟ್ರನ್ನು ನೋಡಿ ಸಂತೋಷದಿಂದ, “ಏನು ಸಾರ್, ಊಟ ಆಯಿತೇ?” ಎಂದು ಕೇಳಿದೆ. ಅವರು, “ಈ ವಯಸ್ಸಿನಲ್ಲಿ ಇನ್ನೆಂಥ ಓಟ? ನಡೆಯುವುದೇ ಕಷ್ಟ” ಎಂದರು.

ಊಟ ಅವರ ಕಿವಿಯಲ್ಲಿ ಓಟವಾಗಿತ್ತು! ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅವರೂ ಸ್ವಲ್ಪ ನಕ್ಕರು. ಆದರೆ ಅವರ ಕಣ್ಣು ನಗುತ್ತಿರಲಿಲ್ಲ. ಅದನ್ನು ನಾನು ಕಂಡೆ, ಕಂಡರೂ ಸುಮ್ಮನಿದ್ದೆ.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಬೆಂಚಿನ ಮೇಲೆ ಅವರ ಜಾಗ ಹಾಗೆಯೇ ಖಾಲಿ ಇತ್ತು. ಅದರ ಮೇಲೆ ಒಂದು ಒಣ ಎಲೆ ಬಿದ್ದಿತ್ತು. ನನ್ನ ಎದೆ ಚುಚ್ಚಿತು. ಕೇಳುವವರಿಲ್ಲದೆ ಮನೆಯಲ್ಲಿ ಕುಳಿತ ಆ ಒಂದು ತಿಂಗಳು ನನಗೆ ನೆನಪಿಗೆ ಬಂತು. ಅದೇ ಕಷ್ಟಕ್ಕೆ ನಾನೇ ಇನ್ನೊಬ್ಬರನ್ನು ದೂಡಿದ್ದೆ.

ನಾವು ನಾಲ್ವರೂ ಅವರ ಮನೆಗೆ ಹೋದೆವು. ಅವರ ಮಗಳು ನಿಜ ಸಂಗತಿ ಹೇಳಿದಳು. “ಅಪ್ಪನಿಗೆ ಕಿವಿ ಕೇಳುವುದು ಬಹಳ ಕಡಿಮೆಯಾಗಿದೆ. ಇಷ್ಟು ದಿನ ತುಟಿ ನೋಡಿ ಮಾತು ಅರ್ಥ ಮಾಡಿಕೊಳ್ಳುತ್ತಿದ್ದರು. ಮಾಸ್ಕು ಹಾಕಿದ ಮೇಲೆ ಅದೂ ಆಗಲಿಲ್ಲ. ಕಿವಿಯ ಯಂತ್ರ ಇಟ್ಟುಕೊಂಡರೆ ಎಲ್ಲ ಸದ್ದೂ ಒಟ್ಟಿಗೆ ಕೇಳುತ್ತದೆ ಎನ್ನುತ್ತಾರೆ.”

ಮಕ್ಕಳೇ, ನಮ್ಮ ಕಿವಿಯ ಒಳಭಾಗದಲ್ಲಿ ಕೂದಲಿನಂಥ ಎಳೆಗಳಿರುವ ಸಾವಿರಾರು ಸಣ್ಣ ಕೋಶಗಳಿವೆ. ಸದ್ದನ್ನು ಹಿಡಿದು ಮಿದುಳಿಗೆ ತಿಳಿಸುವುದು ಅವುಗಳ ಕೆಲಸ. ವಯಸ್ಸಾದಂತೆ ಅವು ಒಂದೊಂದಾಗಿ ಸಾಯುತ್ತವೆ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಕೇಳಿಸದಿರುವುದು ಯಾರ ತಪ್ಪೂ ಅಲ್ಲ. ಅಂಥವರ ಹತ್ತಿರ ಕಿರುಚಿದರೆ ಪ್ರಯೋಜನವಿಲ್ಲ. ಎದುರಿಗೆ ಕುಳಿತು, ಮುಖ ಕಾಣುವಂತೆ, ನಿಧಾನವಾಗಿ ಮಾತಾಡಬೇಕು. ಇದನ್ನು ನಾನು 60 ವರ್ಷ ದಾಟಿದ ಮೇಲೆ ಕಲಿತೆ. ನೀವು ಈಗಲೇ ಕಲಿಯಿರಿ.

ನಾನು ಅವರ ಎದುರಿಗೆ ಕುಳಿತು, “ಸಾರ್, ನಾನು ನಕ್ಕದ್ದು ತಪ್ಪಾಯಿತು” ಎಂದೆ. ಅವರಿಗೆ ಅದೂ ಕೇಳಿಸಲಿಲ್ಲ. ಕಿವಿಗೆ ಕೈ ಹಿಡಿದು, “ಏನು?” ಎಂದರು. ಆಗ ಮೇಡಂ ತಮ್ಮ ಚೀಲದಿಂದ ಒಂದು ಸ್ಲೇಟು ತೆಗೆದರು. ಅವರು ಅದನ್ನು ಬರುವಾಗಲೇ ಅಂಗಡಿಯಲ್ಲಿ ಕೊಂಡಿದ್ದರು! ನನ್ನ ಕೈಗೆ ಬಳಪ ಕೊಟ್ಟರು. ನಾನು ದೊಡ್ಡ ಅಕ್ಷರದಲ್ಲಿ ‘ತಪ್ಪಾಯಿತು’ ಎಂದು ಬರೆದೆ.

ಆನೆ ಮೇಷ್ಟ್ರು ಅದನ್ನು ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕೈಯಿಂದ ಬಳಪ ತೆಗೆದುಕೊಂಡು ಕೆಳಗೆ ಬರೆದರು: ‘ಊಟ ಆಯಿತು.’

ಈ ಸಲ ಎಲ್ಲರೂ ನಕ್ಕೆವು. ಅವರ ಕಣ್ಣೂ ನಕ್ಕಿತು.

ಮುಂದಿನ ಭಾನುವಾರ ಅವರು ಬೆಂಚಿಗೆ ಬಂದರು. ಸ್ಲೇಟೂ ಬಂತು. ಆದರೂ ಅವರು ಪಾಠ ಮಾಡಲು ಒಪ್ಪಲಿಲ್ಲ. “ನನಗೆ ನಿಮ್ಮ ಪ್ರಶ್ನೆ ಕೇಳಿಸುವುದಿಲ್ಲ. ಪ್ರಶ್ನೆ ಕೇಳಿಸದ ಮೇಷ್ಟ್ರು ಎಂಥ ಮೇಷ್ಟ್ರು?” ಎನ್ನುತ್ತಿದ್ದರು. ನಾವು ಒತ್ತಾಯ ಮಾಡಲಿಲ್ಲ.

2022ರ ಡಿಸೆಂಬರ್ ಕೊನೆಯಲ್ಲಿ ನಾನು ಎಲ್ಲರನ್ನೂ ನಮ್ಮ ಊರಿಗೆ ಕರೆದೆ. ರಾಗಿ ಕೊಯ್ಲಿನ ಕಾಲ. ಅವರೆಕಾಯಿಯ ಕಾಲ. ಐವರೂ ರೈಲಿನಲ್ಲಿ ಬೆಂಗಳೂರು ದಾಟಿ ಹೊಸೂರಿಗೆ ಬಂದು, ಅಲ್ಲಿಂದ ಸಾನಮಾವು ಕಡೆಗೆ ಹೊರಟೆವು. ದಾರಿಯುದ್ದಕ್ಕೂ ಟೊಮೇಟೊ ತೋಟ, ಎಲೆಕೋಸಿನ ತೋಟ, ಹೂವಿನ ತೋಟ, ಆಮೇಲೆ ಕಾಡು. ನಮ್ಮ ಮನೆಯಲ್ಲಿ ಬಿಸಿ ರಾಗಿಮುದ್ದೆ, ಅವರೆಕಾಳಿನ ಸಾರು ಕಾದಿತ್ತು.

ಸಾನಮಾವು ಕಾಡಿನ ವಿಷಯ ನಿಮಗೆ ಗೊತ್ತೇ ಇದೆ. ರಾಗಿ ಬಲಿಯುವ ಕಾಲಕ್ಕೆ ಬನ್ನೇರುಘಟ್ಟ, ತಳಿ, ಜವಳಗೆರೆ ಕಾಡುಗಳ ಕಡೆಯಿಂದ ಆನೆಗಳ ಹಿಂಡು ಇಲ್ಲಿಗೆ ಬರುತ್ತದೆ. ಹಗಲು ಕಾಡಿನಲ್ಲಿ ನಿಲ್ಲುತ್ತದೆ. ರಾತ್ರಿ ಹೊಲಕ್ಕೆ ಇಳಿಯುತ್ತದೆ. ಬೆಳೆದ ಒಂದು ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಆರು ತಿಂಗಳ ರೈತರ ದುಡಿಮೆ ಒಂದೇ ರಾತ್ರಿಯಲ್ಲಿ ಹೋಗಬಹುದು. ಆನೆಗೂ ಹಸಿವು, ನಮಗೂ ಹಸಿವು. ಅದಕ್ಕೇ ಇದು ಕಷ್ಟದ ವಿಷಯ.

ಆ ಸಂಜೆ ಅರಣ್ಯ ಇಲಾಖೆಯವರು ಬಂದು, “ಹಿಂಡು ಹತ್ತಿರದಲ್ಲಿದೆ. ಯಾರೂ ಹೊರಗೆ ಹೋಗಬೇಡಿ” ಎಂದು ಸಾರಿ ಹೋದರು. ಎಲ್ಲರೂ ಮನೆಯೊಳಗೆ ಸೇರಿದೆವು. ನಮ್ಮ ದೊಡ್ಡಮ್ಮ ಒಲೆಯ ಹತ್ತಿರ ಕುಳಿತಿದ್ದರು. ಅವರಿಗೆ 80 ದಾಟಿತ್ತು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ 60 ವರ್ಷ ರಾಗಿ ಹೊಲ ಕಾಯ್ದವರು. ನನ್ನ ತಮ್ಮನ ಮೊಮ್ಮಗಳು ಅವರ ಪಕ್ಕದಲ್ಲಿದ್ದಳು. ಅವಳು ಆಗ ನಾಲ್ಕನೆಯ ತರಗತಿ, ಕನ್ನಡ ಶಾಲೆ.

ಅವಳು ಮೆಲ್ಲಗೆ ಆನೆ ಮೇಷ್ಟ್ರನ್ನು ಕೇಳಿದಳು: “ತಾತಾ, ಕಾಡಿನಲ್ಲಿ ಆನೆಗಳಿಗೆ ದಾರಿ ಯಾರು ಹೇಳಿಕೊಡುತ್ತಾರೆ?” ಅವರಿಗೆ ಕೇಳಿಸಲಿಲ್ಲ. ಅವಳು ಮತ್ತೆ ಕೇಳಿದಳು. ಆಗಲೂ ಕೇಳಿಸಲಿಲ್ಲ. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಎದ್ದುಹೋಗಿ ತನ್ನ ಸ್ಲೇಟು ತಂದು ಪ್ರಶ್ನೆಯನ್ನು ಬರೆದು, ಅವರ ಮುಂದೆ ಹಿಡಿದಳು.

ಆನೆ ಮೇಷ್ಟ್ರು ಓದಿದರು. ಅವರ ಬೆನ್ನು ನೆಟ್ಟಗಾಯಿತು. ಕನ್ನಡಕ ಸರಿಮಾಡಿಕೊಂಡರು. ಎರಡು ವರ್ಷದಿಂದ ಪಾಠ ಮಾಡದವರು ಮಾಡತೊಡಗಿದರು.

“ಒಳ್ಳೆಯ ಪ್ರಶ್ನೆ, ಮಗು. ಹಿಂಡಿನಲ್ಲಿ ಹೆಚ್ಚಾಗಿ ಹೆಣ್ಣಾನೆಗಳೂ ಮರಿಗಳೂ ಇರುತ್ತವೆ. ಸಾಮಾನ್ಯವಾಗಿ ವಯಸ್ಸಾದ ಹೆಣ್ಣಾನೆ ಮುಂದೆ ನಡೆಯುತ್ತದೆ. ನೀರು ಎಲ್ಲಿದೆ, ಮೇವು ಎಲ್ಲಿದೆ, ಅಪಾಯ ಎಲ್ಲಿದೆ ಎಂಬುದು ಅದಕ್ಕೆ ನೆನಪಿರುತ್ತದೆ. ಆಫ್ರಿಕಾದ ಟಾಂಜಾನಿಯಾ ದೇಶದಲ್ಲಿ ತರಂಗಿರೆ ಎಂಬ ಕಾಡಿದೆ. 1993ರಲ್ಲಿ ಅಲ್ಲಿ ದೊಡ್ಡ ಬರ ಬಂತು. ಬಹಳ ಮರಿಗಳು ಸತ್ತವು. ಆದರೆ ವಯಸ್ಸಾದ ಹೆಣ್ಣಾನೆಗಳಿದ್ದ ಗುಂಪುಗಳು ಆ ಕಾಡು ಬಿಟ್ಟು ಬೇರೆ ಕಡೆಗೆ ಹೋದವು. ಆ ಗುಂಪುಗಳಲ್ಲಿ ಸತ್ತ ಮರಿಗಳು ಕಡಿಮೆ. ಹಿಂದಿನ ಬರಗಾಲದ ನೆನಪು ಆ ಹಳೆಯ ಆನೆಗಳಿಗೆ ಇದ್ದಿರಬೇಕು ಎಂದು ವಿಜ್ಞಾನಿಗಳು ತಿಳಿದರು.”

ಒಲೆಯ ಹತ್ತಿರದಿಂದ ದೊಡ್ಡಮ್ಮ ಹೇಳಿದರು: “ನಮ್ಮತ್ತೇನೂ ಹಂಗೇ ಹೇಳೋರು. ಮುಂದಿರೋ ದೊಡ್ಡದು ನಿಂತರೆ ಎಲ್ಲಾ ನಿಂತ್ಕೊಳ್ತವೆ. ಅದು ತಿರುಗಿದರೆ ಎಲ್ಲಾ ತಿರುಗ್ತವೆ. ಅದಕ್ಕೆ ದಾರಿ ಬಿಡಬೇಕು, ಅಡ್ಡ ಹೋಗಬಾರದು ಅಂತ.”

ದೊಡ್ಡಮ್ಮನಿಗೆ ಬರೆಯಲು ಬಾರದು. ಆನೆ ಮೇಷ್ಟ್ರಿಗೆ ಕೇಳಲು ಬಾರದು. ಹುಡುಗಿ ದೊಡ್ಡಮ್ಮನ ಮಾತನ್ನು ಕೇಳಿ ಕೇಳಿ ಸ್ಲೇಟಿನ ಮೇಲೆ ಬರೆದು ತೋರಿಸಿದಳು. ಮೇಷ್ಟ್ರು ಅದನ್ನು ಓದಿ, ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು. ಮತ್ತೆ ಕೇಳಿದರು, “ಅಮ್ಮಾ, ಮರಿ ಇದ್ದಾಗ ಅದು ಎಲ್ಲಿ ನಡೆಯುತ್ತದೆ?” ದೊಡ್ಡಮ್ಮ ಹೇಳಿದರು, ಹುಡುಗಿ ಬರೆದಳು. ಪ್ರಶ್ನೆ ಆ ಕಡೆ ಹೋಯಿತು, ಉತ್ತರ ಈ ಕಡೆ ಬಂತು. ರಾತ್ರಿ ಹತ್ತು ಗಂಟೆಯವರೆಗೂ ಹೀಗೇ ನಡೆಯಿತು. ದೂರದಲ್ಲಿ ಎಲ್ಲೋ ಪಟಾಕಿಯ ಸದ್ದು ಕೇಳಿಸಿತು. ಯಾರದೋ ಹೊಲದಲ್ಲಿ ಕಾವಲು.

ಮಲಗುವ ಮೊದಲು ಆನೆ ಮೇಷ್ಟ್ರು ನನ್ನ ಹತ್ತಿರ ಬಂದು, “ಪ್ರಶ್ನೆ ಕೇಳುವುದಕ್ಕೆ ಕಿವಿಯೇ ಬೇಕಾಗಿಲ್ಲ ಕಣ್ರೀ” ಎಂದರು. ಅವರ ದನಿ ಸ್ವಲ್ಪ ನಡುಗಿತು.

ಈಗ ನಾನು ವರ್ಷದಲ್ಲಿ ಕೆಲವು ತಿಂಗಳು ಊರಿನಲ್ಲಿಯೇ ಇರುತ್ತೇನೆ. ಮೈಸೂರಿನಲ್ಲಿ ಇದ್ದಾಗ ಕಲ್ಲುಬೆಂಚು. ಊರಿನಲ್ಲಿ ಇದ್ದಾಗ ನಮ್ಮ ಮನೆಯ ಜಗಲಿ. ಶನಿವಾರ ಸಂಜೆ ಮಕ್ಕಳು ಬರುತ್ತಾರೆ, ದೊಡ್ಡಮ್ಮನಂಥ ಹಿರಿಯರೂ ಬರುತ್ತಾರೆ. ಯಾರಿಗೆ ಏನು ಗೊತ್ತೋ ಅದನ್ನು ಹೇಳುತ್ತಾರೆ. ಒಬ್ಬರು ಬೀಜ ಕಾಪಾಡುವುದನ್ನು ಹೇಳುತ್ತಾರೆ, ಒಬ್ಬರು ಬುಟ್ಟಿ ಹೆಣೆಯುವುದನ್ನು ತೋರಿಸುತ್ತಾರೆ. ನಾನು ಕೆಲವು ಸಲ ಹೇಳುತ್ತೇನೆ, ಹೆಚ್ಚಾಗಿ ಕೇಳುತ್ತೇನೆ.

ಆನೆ ಮೇಷ್ಟ್ರಿಗೆ ಫೋನು ಕೇಳಿಸುವುದಿಲ್ಲವಲ್ಲ? ಅದಕ್ಕೆ ನನ್ನ ತಮ್ಮನ ಮೊಮ್ಮಗಳು ಅವರಿಗೆ ಅಂಚೆ ಕಾರ್ಡು ಬರೆಯುತ್ತಾಳೆ. ಹೋದ ವಾರ ಕಂಡ ಹಕ್ಕಿ, ಕಾಡಿನ ಅಂಚಿನಲ್ಲಿ ಬಿದ್ದ ಲದ್ದಿ, ಹೊಸದಾಗಿ ಅರಳಿದ ಹೂವು, ಎಲ್ಲವನ್ನೂ ಬರೆಯುತ್ತಾಳೆ. ಅವರು ತಪ್ಪದೆ ಉತ್ತರ ಬರೆಯುತ್ತಾರೆ. ಉತ್ತರದ ಕೊನೆಯಲ್ಲಿ ಯಾವಾಗಲೂ ಅವರದೇ ಒಂದು ಪ್ರಶ್ನೆ ಇರುತ್ತದೆ. ಅದಕ್ಕೆ ಉತ್ತರ ಹುಡುಕಲು ಅವಳು ದೊಡ್ಡಮ್ಮನ ಹತ್ತಿರ ಓಡುತ್ತಾಳೆ.

ಮಕ್ಕಳೇ, ನಿಮ್ಮ ಊರಿನಲ್ಲಿಯೂ ನಿವೃತ್ತರಾದ ಮೇಷ್ಟ್ರು ಇರಬಹುದು. ಅಂಚೆಯವರು ಇರಬಹುದು, ದಾದಿ ಇರಬಹುದು, ಹೊಲದಲ್ಲಿ ದುಡಿದು ದಣಿದ ತಾತ ಇರಬಹುದು. ಅವರು ಜಗಲಿಯ ಮೇಲೆ ಸುಮ್ಮನೆ ಕುಳಿತಿದ್ದರೆ, ಅವರಿಗೆ ಹೇಳಲು ಏನೂ ಇಲ್ಲ ಎಂದು ತಿಳಿಯಬೇಡಿ. ಬಹುಶಃ ಅವರನ್ನು ಯಾರೂ ಏನೂ ಕೇಳಿಲ್ಲ. ಇಂದು ಸಂಜೆ ಶಾಲೆಯ ಗಂಟೆ ಬಾರಿಸಿದ ಮೇಲೆ ಅವರ ಹತ್ತಿರ ಹೋಗಿ. ಎದುರಿಗೆ ಕುಳಿತು ಒಂದು ಪ್ರಶ್ನೆ ಕೇಳಿ. ಕೇಳಿಸದಿದ್ದರೆ ಇನ್ನೊಮ್ಮೆ ನಿಧಾನವಾಗಿ ಕೇಳಿ. ಆಗಲೂ ಕೇಳಿಸದಿದ್ದರೆ ನಗಬೇಡಿ.

ನಿಮ್ಮ ಚೀಲದಲ್ಲಿ ಸ್ಲೇಟು ಇದೆಯಲ್ಲ?